ಕಸ್ತೂರಿಬಾಯಿ ಹೇಳದ ಹನ್ನೊಂದು ನಿಮಿಷ

ಬೆಳಗಿನ ಆರು ಗಂಟೆ. ನಾಸಿಕ್‌ನ ಪಂಚವಟಿಯಲ್ಲಿ ಮದುವೆ ಹಾಲ್ ಒಂದರ ಹೆಂಗಸರ ಶೌಚಾಲಯ. ಕಸ್ತೂರಿಬಾಯಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ ಒಳಗೆ ಕೈ ಹಾಕಿದ್ದಾರೆ. ಮೊಣಕೈವರೆಗೂ ನೀರು. ಏನೂ ಸಿಗಲಿಲ್ಲ. ಕೆಳಗಿಳಿದು ಕಸದ ಬುಟ್ಟಿಯನ್ನು ನೆಲಕ್ಕೆ ಸುರಿಯುತ್ತಾರೆ, ಕಿಟಕಿಯ ಕಟ್ಟೆ ತಡವುತ್ತಾರೆ, ಬೇಸಿನ್ನಿನ ಕೆಳಗೆ ಬಗ್ಗಿ ಟಾರ್ಚ್ ಹಾಯಿಸುತ್ತಾರೆ. ಬಗ್ಗಿದಾಗ ಮೊಣಕಾಲು ಲಟಕ್ ಎನ್ನುತ್ತದೆ.

"ಮೊಬೈಲ್ ಮುಚ್ಚಿಡ್ಲಾಕ ಎಷ್ಟ್ ಜಾಗಾ ಬೇಕ್ರಿ? ನನ್ನ ಅಂಗೈ ಅಷ್ಟಾದ್ರ ಸಾಕು" ಎನ್ನುತ್ತಾರೆ.

ಒಂಬತ್ತೂವರೆಗೆ ಈ ಹಾಲ್‌ನಲ್ಲಿ ಚೆಸ್ ಪಂದ್ಯಾವಳಿಯ ಮೂರನೆಯ ಸುತ್ತು. ಇವತ್ತಿನ ಸಾಧಾರಣ ಫೋನಿನೊಳಗಿನ ಚೆಸ್ ಪ್ರೋಗ್ರಾಮು ಕೂಡ ದೊಡ್ಡ ದೊಡ್ಡ ಆಟಗಾರರನ್ನು ಸೋಲಿಸುತ್ತದೆ. ಆಟದ ನಡುವೆ ಎದ್ದುಹೋಗಿ, ಬಚ್ಚಿಟ್ಟ ಫೋನು ನೋಡಿಬಂದರೆ ಮುಗಿಯಿತು. ಹಾಗಾಗಿ ದೊಡ್ಡ ಬಹುಮಾನವಿರುವ ಪಂದ್ಯಾವಳಿಗಳಲ್ಲಿ ತಪಾಸಣೆಗೆಂದೇ ಜನ ಇರುತ್ತಾರೆ. ಹೆಂಗಸರ ಸಾಲು ಕಸ್ತೂರಿಬಾಯಿಯವರದು. ಈ ಸಲ ಐವತ್ತೆಂಟು ಮಂದಿ, ದಿನಕ್ಕೆ ಎರಡು ಸುತ್ತು. ನೂರಾ ಹದಿನಾರು ಬಾರಿ ಮೆಟಲ್ ಡಿಟೆಕ್ಟರನ್ನು ಭುಜದಿಂದ ಪಾದದವರೆಗೆ ಆಡಿಸಬೇಕು. ಆಟ ಶುರುವಾದ ಮೇಲೆ ಶೌಚಾಲಯದ ಬಾಗಿಲ ಹೊರಗೆ ನಿಂತು, ಯಾರು ಎಷ್ಟು ಗಂಟೆಗೆ ಹೋದರು, ಎಷ್ಟಕ್ಕೆ ಬಂದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಆಟಗಾರರ ಜೊತೆ ಮಾತಿಲ್ಲ. ಅವರಿಗೆ ಏನನ್ನೂ ಕೊಡುವಂತಿಲ್ಲ.

ಊರು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ನಿಂಗಣ್ಣನ ಜೊತೆ ಸಾತಪುರದ ಕಾರ್ಖಾನೆಗಳ ಕಟ್ಟಡ ಕೆಲಸಕ್ಕೆ ಬಂದವರು. ಸಿಮೆಂಟಿನ ಬುಟ್ಟಿ ಹೊತ್ತು ಹೊತ್ತು ಮೊಣಕಾಲು ಕೈಕೊಟ್ಟಾಗ ಸೆಕ್ಯೂರಿಟಿ ಏಜೆನ್ಸಿಯೊಂದನ್ನು ಸೇರಿದರು. ಈಗ ವಯಸ್ಸು ನಲವತ್ತೇಳು. ಎಂಟು ವರ್ಷದಿಂದ ಚೆಸ್ ಹಾಲ್‌ಗಳಲ್ಲಿದ್ದರೂ ಆಟ ಬರುವುದಿಲ್ಲ. "ಕುದುರಿ ಗುರ್ತ ಹಿಡೀತೀನ್ರಿ. ಬಾಕಿ ಎಲ್ಲಾ ಒಂದೇ ಕಾಣ್ತಾವ."

ಪ್ರಾಮಾಣಿಕ ಹೆಂಗಸು, ಇವರ ಬಗ್ಗೆ ಬರೆಯಿರಿ ಎಂದು ಸಂಘಟಕರೊಬ್ಬರು ಹೇಳಿದ್ದರಿಂದ ನಾನು ಬಂದಿದ್ದೆ. ಅದನ್ನೇ ಅವರಿಗೂ ಹೇಳಿದೆ. ಕಸ್ತೂರಿಬಾಯಿ ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತರು. ಚಹಾ ಬಂತು, ಕುಡಿಯಲಿಲ್ಲ.

"ಮೊದ್ಲ ಒಂದು ಮಾತು ಕೇಳ್ರಿ. ಆಮ್ಯಾಲ ಬರೀಬೇಕೋ ಬ್ಯಾಡೋ ನೀವೇ ನೋಡ್ರಿ" ಎಂದರು.

ಎರಡು ವರ್ಷದ ಹಿಂದಿನ ಮಾತು. ಛತ್ರಪತಿ ಸಂಭಾಜಿನಗರದಲ್ಲಿ ಒಂದು ಪಂದ್ಯಾವಳಿ, ಏಳನೆಯ ಸುತ್ತು. ವೈಜಾಪುರದಿಂದ ಬಂದಿದ್ದ ಭಾಗ್ಯಶ್ರೀ ಎಂಬ ಹತ್ತೊಂಬತ್ತರ ಕಾಲೇಜು ಹುಡುಗಿ, ರೇಟಿಂಗ್ ಪಟ್ಟಿಯಲ್ಲಿ ತನಗಿಂತ ಐನೂರು ಅಂಕ ಮೇಲಿದ್ದ, ಅಂದರೆ ಬಹಳ ಬಲಶಾಲಿಯಾದ, ಸುಧೀರ ಎಂಬ ಆಟಗಾರನ ಎದುರು ಕೂತಿದ್ದಳು. ಅಪ್ಪ ಬೀದರ್ ಕಡೆಯವರು, ವೈಜಾಪುರದಲ್ಲಿ ಮೆಕ್ಕೆಜೋಳದ ವ್ಯಾಪಾರ. ಹುಡುಗಿಗೆ ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಅರ್ಧಂಬರ್ಧ.

ಎರಡನೆಯ ಸಲ ಎದ್ದುಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಬೆಳಿಗ್ಗೆ ಕಸ್ತೂರಿಬಾಯಿ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿಸಿಕೊಂಡಿದ್ದಳೇನೋ, ಹತ್ತಿರ ಬಂದು, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ಪಿಸುಗುಟ್ಟಿದಳು. "ಕಾಕು, ಪ್ಯಾಡ್ ಅದ ಏನ್ರಿ?"

ಮುಟ್ಟು ನಾಲ್ಕು ದಿನ ಮುಂಚೆಯೇ ಬಂದಿತ್ತು. ಕಸ್ತೂರಿಬಾಯಿಯ ಚೀಲದಲ್ಲಿ ಒಂದು ಪ್ಯಾಡ್ ಇತ್ತು, ಕೊಟ್ಟರು. ಕರಿ ಕುರ್ತಾದ ಹಿಂಭಾಗಕ್ಕೆ ಕಲೆಯಾಗಿತ್ತು. ಅದನ್ನು ತಾವೇ ನಲ್ಲಿಗೆ ಹಿಡಿದು ತೊಳೆದು, ಹಿಂಡಿ ಕೊಟ್ಟರು. ಯಾರೂ ಬಾರದಂತೆ ಹೊರಗಿನ ಬಾಗಿಲು ಒತ್ತಿ ಹಿಡಿದು ನಿಂತರು. ಆಮೇಲೆ ನಿಯಮದಂತೆ ನೋಟ್‌ಬುಕ್ಕಿನಲ್ಲಿ ಬರೆದರು: ಹನ್ನೊಂದು ನಿಮಿಷ.

ಭಾಗ್ಯಶ್ರೀ ಮತ್ತೆ ಮೂರು ಸಲ ಎದ್ದುಹೋದಳು. ಆದರೂ ಹಲಗೆಯ ಮೇಲೆ ಅವಳದೇ ಮೇಲುಗೈ, ಒಂದು ಆನೆ ಹೆಚ್ಚಿತ್ತು. ಸುಧೀರ ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆದ. ಹೊರಗೆ ಹೋಗಿಬಂದಾಗಲೆಲ್ಲ ಈಕೆ ಮಷಿನ್ ಹಾಗೆ ಆಡುತ್ತಾಳೆ, ಅಂದ. ಆಟ ಮುಗಿಸಿದವರು, ಪಾಲಕರು ಸುತ್ತ ಕೂಡಿದರು. ಹೇಗೋ ಒಂದು ಮೊಬೈಲೂ ಒಳಗೆ ಬಂದು ವಿಡಿಯೊ ಶುರುವಾಯಿತು. ನೋಟ್‌ಬುಕ್ ತರಿಸಿದರು. ಐದು ಸಲ. ಅದರಲ್ಲೊಂದು ಹನ್ನೊಂದು ನಿಮಿಷ.

ಏನು ಮಾಡುತ್ತಿದ್ದೆ ಎಂದು ತೀರ್ಪುಗಾರರು ಕೇಳಿದಾಗ ಹುಡುಗಿ "ಹುಷಾರಿಲ್ಲ" ಎಂದಷ್ಟೇ ಹೇಳಿ ಕಸ್ತೂರಿಬಾಯಿಯ ಕಡೆ ನೋಡಿದಳು. ತೀರ್ಪುಗಾರರೂ ಕಸ್ತೂರಿಬಾಯಿಯ ಕಡೆ ತಿರುಗಿ ಕೇಳಿದರು. ಬಾಗಿಲಲ್ಲಿ ನೀವೇ ಇದ್ದಿರಲ್ಲ, ಹನ್ನೊಂದು ನಿಮಿಷ ಒಳಗೆ ಏನು ಮಾಡಿದಳು?

"ಗೊತ್ತಿಲ್ಲ ಸಾಹೇಬ್ರ ಅಂದೆ" ಎನ್ನುತ್ತಾರೆ ಕಸ್ತೂರಿಬಾಯಿ, ಮೆಟ್ಟಿಲನ್ನು ನೋಡುತ್ತ. "ಹತ್ತು ಹದಿನೈದು ಗಂಡಸ್ರು ನಿಂತಿದ್ರು. ಆ ಮಾತು ಬಾಯಾಗ ಬರಲಿಲ್ಲ. ಮಂದಿಗೆ ಹೇಳಾಗ ನೌಕರಿ ಹೋಗ್ತದಂತ ಅಂಜಿದ್ನಿ ಅಂತೀನಿ. ಖರೆ ಅಂದ್ರ ನಾಚಿಕಿ. ನನ್ನ ನಾಚಿಕಿ ಉಳಿಸ್ಕೊಂಡು ಆಕೀ ಮಾನ ಕಳದ್ನಿ."

ಪಕ್ಕದ ಕೋಣೆಗೆ ಕರೆದೊಯ್ದು ಹುಡುಗಿಯ ಮೈ ತಪಾಸಣೆ ಮಾಡಲು ಹೇಳಿದರು. ಮಾಡಬೇಕಾದದ್ದು ಕಸ್ತೂರಿಬಾಯಿಯೇ. "ಕುರ್ತಾ ಇನ್ನೂ ಹಸೀನೇ ಇತ್ರಿ. ನಾನೇ ಹಿಂಡಿ ಕೊಟ್ಟ ಕುರ್ತಾ. ಆಕೀ ಕೈ ಎತ್ತಿ ನಿಂತ್ಲು."

ಏನೂ ಸಿಗಲಿಲ್ಲ. ಆಟ ಮುಂದುವರಿಯಿತು. ಭಾಗ್ಯಶ್ರೀ ಹತ್ತು ನಡೆಯೊಳಗೆ ಹೆಚ್ಚಿದ್ದ ಆನೆಯನ್ನೂ ಕಳೆದುಕೊಂಡು ಸೋತಳು. ವಿಡಿಯೊ ಮಾತ್ರ ಸಂಜೆಯೊಳಗೆ ಊರೂರು ತಿರುಗಿತು. ಮುಂದಿನ ಎರಡು ಪಂದ್ಯಾವಳಿಗಳಲ್ಲಿ ಅವಳ ಮೇಜಿನ ಹಿಂದೆಯೇ ಒಬ್ಬರನ್ನು ಕಾವಲಿಗೆ ನಿಲ್ಲಿಸಿದರು. ಒಬ್ಬ ಎದುರಾಳಿ ಕೈ ಕುಲುಕಲಿಲ್ಲ. ಮೂರನೆಯದಕ್ಕೆ ಅವಳು ಬರಲಿಲ್ಲ.

ಕಸ್ತೂರಿಬಾಯಿ ಒಂದು ವರ್ಷ ಯಾರಿಗೂ ಹೇಳಲಿಲ್ಲ, ನಿಂಗಣ್ಣನಿಗೂ. ಕಳೆದ ವರ್ಷ ನಾಸಿಕ್‌ನಲ್ಲಿ ಪಾಲಕರೊಬ್ಬರು, ಎರಡು ಸಲ ಎದ್ದುಹೋದ ಬೇರೊಂದು ಹುಡುಗಿಯನ್ನು ತೋರಿಸಿ, "ನೋಡ್ತಾ ಇರಿ, ಇದೂ ಆ ವೈಜಾಪುರದ್ದರ ಹಾಗೇ" ಅಂದದ್ದು ಕಿವಿಗೆ ಬಿತ್ತು. ಅವತ್ತು ಮಧ್ಯಾಹ್ನ ಊಟ ಬಿಟ್ಟು ಮುಖ್ಯ ತೀರ್ಪುಗಾರ ವಿಶ್ವನಾಥಪ್ಪನವರ ಮೇಜಿನ ಮುಂದೆ ಹೋಗಿ ನಿಂತರು. ಅವರು ಭಾಲ್ಕಿಯವರು, ಬ್ಯಾಂಕಿನಿಂದ ನಿವೃತ್ತರು. ಸಂಭಾಜಿನಗರದ ಪಂದ್ಯಾವಳಿಯಲ್ಲಿ ಇರಲಿಲ್ಲ.

"ಮರಾಠಿಯೊಳಗ ಶುರು ಮಾಡಿದ್ರು, ಆಗಲಿಲ್ಲ. ಕನ್ನಡದಾಗ ಹೇಳ್ರಿ ಬಾಯಿ ಅಂದೆ. ಮುಖದ ಮ್ಯಾಲ ಸೆರಗು ಹಾಕ್ಕೊಂಡು ಎಲ್ಲಾ ಹೇಳಿದ್ರು" ಎಂದು ನೆನೆಯುತ್ತಾರೆ ವಿಶ್ವನಾಥಪ್ಪ. "ನಮಗೂ ನಾಚಿಕಿ ಆಗಬೇಕ್ರಿ. ಹುಷಾರಿಲ್ಲ ಅಂತ ಒಂದು ಹುಡುಗಿ ಅಂದ್ರ, ಬಾಜೂಕ ಕರದು ಕೇಳೋ ಬುದ್ಧಿ ಒಬ್ಬರಿಗೂ ಬರಲಿಲ್ಲ."

ಅವರು ಹೇಳಿಕೆ ಬರೆದುಕೊಂಡರು, ಕಸ್ತೂರಿಬಾಯಿ ಸಹಿ ಹಾಕಿದರು. ಎರಡು ತಿಂಗಳ ಮೇಲೆ ಚೆಸ್ ಸಂಘಟನೆ ಎರಡು ಸಾಲಿನ ಪ್ರಕಟಣೆ ಹೊರಡಿಸಿತು. ಆಟಗಾರ್ತಿಯಿಂದ ಯಾವ ಲೋಪವೂ ಆಗಿಲ್ಲ. ವಿಡಿಯೊವನ್ನು ಸಾವಿರಾರು ಜನ ನೋಡಿದ್ದರು, ಪ್ರಕಟಣೆಯನ್ನು ಎಷ್ಟು ಜನ ಓದಿದರೋ.

ಪ್ರಕಟಣೆ ಬಂದ ವಾರ ಕಸ್ತೂರಿಬಾಯಿ ಬಸ್ ಹಿಡಿದು ವೈಜಾಪುರಕ್ಕೆ ಹೋದರು. ಭಾಗ್ಯಶ್ರೀಯ ತಾಯಿ ಒಳಗೆ ಕರೆದರು, ನೀರು ಕೊಟ್ಟರು. ಹುಡುಗಿ ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಹೇಳಿದ್ದು ಇಷ್ಟು: "ಎಲ್ಲರೂ ಬೈಲಾಕತ್ತಾಗ ಒಬ್ಬರಿಗಾದ್ರೂ ಖರೆ ಗೊತ್ತದ ಅಂತ ಧೈರ್ಯ ಇತ್ತು ಕಾಕು. ಅದಕ್ಕೇ ನಿಮ್ಮ ಕಡೀಗೇ ನೋಡ್ಕೋತ ನಿಂತಿದ್ದೆ."

"ಕ್ಷಮಾ ಮಾಡ್ತೀನಿ ಅನ್ಲಿಲ್ರಿ" ಎನ್ನುತ್ತಾರೆ ಕಸ್ತೂರಿಬಾಯಿ. "ನಾನೂ ಕೇಳಲಿಲ್ಲ. ಯಾವ ಬಾಯಿಂದ ಕೇಳ್ಲಿ?"

ಆಮೇಲೆ ಭಾಗ್ಯಶ್ರೀಗೆ ಫೋನ್ ಮಾಡಿದೆ. ಈಗ ಬಿ.ಕಾಂ. ಕೊನೆಯ ವರ್ಷ, ಭಾನುವಾರ ಹನ್ನೆರಡು ಮಕ್ಕಳಿಗೆ ಚೆಸ್ ಹೇಳಿಕೊಡುತ್ತಾಳೆ. ಪಂದ್ಯಾವಳಿಗೆ ಮತ್ತೆ ಹೋಗುವ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ. ಪಾಠದ ಹೊತ್ತಿನಲ್ಲೂ ತನ್ನ ಫೋನನ್ನು ಪಾಲಕರಿಗೆ ಕಾಣುವಂತೆ ಮೇಜಿನ ನಡುವೆ ಇಡುತ್ತಾಳಂತೆ. ಹೆಸರು ಹಾಕಿ ಬರೆಯಬಹುದೇ ಎಂದು ಕೇಳಿದೆ. "ಬರೀರಿ. ಪಾಪ ಅಂತ ಮಾತ್ರ ಬರೀಬ್ಯಾಡ್ರಿ" ಎಂದಳು.

ಅವತ್ತು ಬೆಳಿಗ್ಗೆ ಮಾತು ಮುಗಿಯುವಷ್ಟರಲ್ಲಿ ಸುತ್ತು ಶುರುವಾಗುವ ಹೊತ್ತಾಯಿತು. ಹುಡುಗಿಯರು ಸಾಲು ನಿಂತರು. ಕಸ್ತೂರಿಬಾಯಿ ಎದ್ದು ಸೀರೆ ಕೊಡವಿಕೊಂಡರು. ಇದೆಲ್ಲ ಅಚ್ಚಾದರೆ ಏಜೆನ್ಸಿಯವರು ನಿಮ್ಮನ್ನು ತೆಗೆದುಹಾಕಬಹುದು, ಬೇಕಾದರೆ ಹೆಸರು ಬದಲಿಸುತ್ತೇನೆ, ಅಂದೆ.

"ಬದಲಿ ಮಾಡಬ್ಯಾಡ್ರಿ" ಎಂದರು ತಟ್ಟನೆ. "ಆಕೀ ಹೆಸರು ಎಲ್ಲರ ಮೊಬೈಲಿನಾಗ ಹೋಗ್ಯದ. ಸುಳ್ಳ ಹೇಳಿದಾಕೀ ಹೆಸರು ಯಾರಿಗೂ ಗೊತ್ತಿಲ್ಲ. ಕಸ್ತೂರಿಬಾಯಿ, ಗಂಡ ನಿಂಗಣ್ಣ, ಆಳಂದ ತಾಲೂಕ. ಪೂರಾ ಬರೀರಿ."