ದೊಡ್ಡಕ್ಕನ ಐಸ್‌ಕ್ರೀಮು, ಉಸುಕಿನ ಬಿಸ್ಕೀಟು

ಮಕ್ಕಳೇ, ಆಗ ನಾನು ನಿಮಗಿಂತಲೂ ಚಿಕ್ಕವನು. ಗುಳೇದಗುಡ್ಡದ ನಮ್ಮ ಮನೆಯ ಹಿಂದಿನ ಕೋಣೆಯ ತುಂಬ ಮಗ್ಗವೇ ಇತ್ತು. ಅಪ್ಪನೂ ದೊಡ್ಡಕ್ಕನೂ ಸರದಿಯ ಮೇಲೆ ಕೂತು ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ, ನೇಯುತ್ತಿದ್ದರು. ನಮ್ಮ ಓಣಿಯಲ್ಲಿ ಐಸ್‌ಕ್ರೀಮ್ ಎನ್ನುವುದನ್ನು ನೋಡಿದವರೇ ಕಡಿಮೆ. ಅಂಥ ಐಸ್‌ಕ್ರೀಮು ನಮ್ಮ ಮನೆಯಲ್ಲೇ ತಯಾರಾದ ದಿನದ ಕತೆ ಹೇಳುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಇದು ಜಗಳದ ಕತೆ.

ಅದಕ್ಕೂ ಮೊದಲು ದೊಡ್ಡಕ್ಕನ ಗಂಡ ಬಾದಾಮಿಯ ಒಂದು ಬಂಗಲೆಯ ಕಾವಲುಗಾರರಾಗಿದ್ದರು. ಮಹಾಕೂಟದ ಗುಡಿಗಳ ಚಿತ್ರ ಬರೆಯಲು ಫ್ರಾನ್ಸ್ ದೇಶದಿಂದ ಬಂದ ಒಬ್ಬ ಹೆಂಗಸು ಆ ಬಂಗಲೆಯಲ್ಲಿ ಬಹಳ ದಿನ ಇದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುವ ಹಾಗೆ ಬಾಯಾರು ಎನ್ನುತ್ತಿದ್ದರು. ದೊಡ್ಡಕ್ಕ ಅವರಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳು, ಅವರು ದೊಡ್ಡಕ್ಕನಿಗೆ ಐಸ್‌ಕ್ರೀಮನ್ನೂ ತಮ್ಮೂರಿನ ಬಿಸ್ಕೀಟನ್ನೂ ಕಲಿಸಿದರು. ಊರಿಗೆ ಮರಳುವಾಗ ಐಸ್‌ಕ್ರೀಮ್ ತಿರುಗಿಸುವ ಕಟ್ಟಿಗೆಯ ಬಕೀಟನ್ನು ಅವಳಿಗೇ ಕೊಟ್ಟು ಹೋದರು. ಜೊತೆಗೊಂದು ಸಕ್ಕರೆಯ ಡಬ್ಬಿ. ಅದರೊಳಗೆ ಒಣಗಿದ ನುಗ್ಗೆಕಾಯಿಯಂಥ ಕಪ್ಪು ಕಾಯೊಂದನ್ನು ಹುಗಿದಿಟ್ಟಿದ್ದರು. ಅದೇ ವೆನಿಲ್ಲಾ. ಮುಚ್ಚಳ ತೆಗೆದರೆ ಮಗ್ಗದ ಕೋಣೆಯ ಗಂಜಿಯ ವಾಸನೆಯೂ ಮರೆತುಹೋಗುವಂಥ ಘಮ.

ಆಮೇಲೆ ಭಾವ ಜ್ವರ ಬಂದು ತೀರಿಕೊಂಡರು. ದೊಡ್ಡಕ್ಕ ಆ ಬಕೀಟನ್ನೂ ಡಬ್ಬಿಯನ್ನೂ ಹೊತ್ತುಕೊಂಡು ತವರಿಗೆ ಬಂದಳು. ಗಂಡ ಸತ್ತ ಹೆಂಗಸು ಶುಭಕಾರ್ಯದಲ್ಲಿ ಮುಂದೆ ಬರಬಾರದು ಎಂಬ ಕಟ್ಟಳೆ ಇದ್ದ ಕಾಲ ಅದು. ಯಾರ ಮನೆಯಲ್ಲಿ ಆರತಿ ಎತ್ತಿದರೂ ದೊಡ್ಡಕ್ಕ ಹಿಂದೆ ಸರಿಯುತ್ತಿದ್ದಳು. ಯಾಕೆಂದು ಕೇಳಿದರೆ ಅವ್ವ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಮರುವರ್ಷ ಸಣ್ಣಕ್ಕ ಬಸುರಿಯಾಗಿ ಮನೆಗೆ ಬಂದಳು. ಬಸುರಿಗೆ ತಿನ್ನುವ ಬಯಕೆ ಹುಟ್ಟಿದರೆ ಇಲ್ಲ ಎನ್ನಬಾರದಲ್ಲ, ಅವಳು ಕೇಳಿದ್ದು ಬಾದಾಮಿಯಲ್ಲಿ ಅಕ್ಕನ ಕೈಯಿಂದ ತಿಂದಿದ್ದ ಐಸ್‌ಕ್ರೀಮು. ಅವಳಿಗೆ ಹಸಿರು ಬಳೆ ತೊಡಿಸಿ, ಹೊಸ ಕುಬಸ ಹಾಕಿ, ಉಡಿ ತುಂಬುವ ಕಾರ್ಯದ ದಿನವೇ ಅದನ್ನು ಮಾಡುವುದೆಂದು ಅಪ್ಪ ಹೇಳಿದ. ಆ ಕುಬಸದ ಖಣವನ್ನು ದೊಡ್ಡಕ್ಕ ತಿಂಗಳಿನಿಂದ ನೇಯುತ್ತಿದ್ದಳು, ಕೆಂಪು ಅಂಚು, ಗಿಳಿಹಸಿರು ಒಡಲು.

ಅಂದು ಬೆಳಿಗ್ಗೆ ಅಪ್ಪ ಬಾಗಲಕೋಟೆಯಿಂದ ಗೋಣಿಚೀಲದಲ್ಲಿ ಮಂಜುಗಡ್ಡೆ ತಂದ. ಅದು ಬಸ್ಸಿನ ತುಂಬ ನೀರು ಸುರಿಸಿತ್ತಂತೆ. “ಏನ್ರಿ ಯಜಮಾನರ, ಕೆರಿ ಹೊತ್ಕೊಂಡು ಹೊಂಟೀರೇನ್ರಿ?” ಎಂದು ಕಂಡಕ್ಟರು ಕೇಳಿದ್ದನ್ನು ಅಪ್ಪ ನಗುನಗುತ್ತ ಹೇಳಿದ. ಅಷ್ಟರಲ್ಲಿ ದೊಡ್ಡಕ್ಕ ಬಿಸ್ಕೀಟಿಗೆ ಕೂತಿದ್ದಳು. ಬಾಯಾರು ಮೊಟ್ಟೆ ಹಾಕುತ್ತಿದ್ದರಂತೆ. ಇವಳು ಮೊಟ್ಟೆ ಬಿಟ್ಟು ಬೆಣ್ಣೆಯನ್ನೇ ಹೆಚ್ಚು ಹಾಕಿ, ಮೈದಾ, ಸಕ್ಕರೆ ಕಲಸಿ ಬಿಲ್ಲೆ ತಟ್ಟಿದಳು. ದಪ್ಪ ಪಾತ್ರೆಯ ತಳಕ್ಕೆ ಉಸುಕು ಹರವಿ, ಮೇಲೆ ತಾಟು ಇಟ್ಟು, ಮುಚ್ಚಳದ ಮೇಲೂ ಕೆಂಡ ಸುರಿದು ಬೇಯಿಸಿದಳು. ಬೆಣ್ಣೆ ಕಂದುವ ವಾಸನೆಗೆ ಓಣಿಯ ಹುಡುಗರೆಲ್ಲ ಬಾಗಿಲಿಗೆ ಬಂದರು.

“ಇದರ ಹೆಸರ ಸಾಬ್ಲೆ. ಅವರ ಭಾಷಾದಾಗ ಉಸುಕಿನಂಥಾದ್ದು ಅಂತ,” ಎಂದಳು ದೊಡ್ಡಕ್ಕ.

“ಉಸುಕ ತಿನಸ್ತಾಳ್ರೋ!” ಎಂದು ಹುಡುಗರು ಕೂಗಿದರು. ಆದರೆ ಒಬ್ಬನೂ ಬಾಗಿಲು ಬಿಟ್ಟು ಹೋಗಲಿಲ್ಲ.

ಕೆನೆಹಾಲಿಗೆ ಘಮಘಮಿಸುವ ಆ ಸಕ್ಕರೆ ಹಾಕಿ ಕಾಯಿಸಿ, ಆರಿಸಿ, ಬಕೀಟಿನೊಳಗಿನ ತಗಡಿನ ಡಬ್ಬಿಗೆ ದೊಡ್ಡಕ್ಕ ಸುರಿದಳು. ಸುತ್ತ ಮಂಜುಗಡ್ಡೆಯ ಚೂರು, ಹರಳುಪ್ಪು. ಹಿಡಿಕೆ ತಿರುಗಿಸುವ ಕೆಲಸ ನನ್ನದು. ಮೊದಮೊದಲು ಹಗುರಾಗಿ ತಿರುಗಿತು. ಬರಬರುತ್ತ ಬಿಗಿಯಾಗಿ, ರಟ್ಟೆ ಸೋತು, ಉಪ್ಪುನೀರಿಗೆ ಬೆರಳು ಉರಿದವು. “ಬಿಡಬ್ಯಾಡಲೇ, ಇನ್ನೇನ ಬಂತು,” ಎಂದು ದೊಡ್ಡಕ್ಕ ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ತಾನೂ ತಿರುಗಿಸಿದಳು. ಭಾವ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅಂದೇ.

ಮಧ್ಯಾಹ್ನಕ್ಕೆ ಇಳಕಲ್ಲಿನಿಂದ ಅಪ್ಪನ ಅಕ್ಕ, ನಮ್ಮ ಅತ್ತೆ, ಬಂದಳು. ಅವಳ ಮಾತೆಂದರೆ ಮನೆಯಲ್ಲಿ ಎಲ್ಲರೂ ತಲೆ ತಗ್ಗಿಸುತ್ತಿದ್ದರು. ಸಣ್ಣಕ್ಕ ಹೊಸ ಕುಬಸ ತೊಟ್ಟು ಮಣೆಯ ಮೇಲೆ ಕೂತಿದ್ದಳು. ದೊಡ್ಡಕ್ಕ ಆಗಲೇ ಮಗ್ಗದ ಕೋಣೆ ಸೇರಿದ್ದಳು. ಅವ್ವ ಬಟ್ಟಲುಗಳಿಗೆ ಐಸ್‌ಕ್ರೀಮು ಹಾಕಿ, ಮೇಲೊಂದೊಂದು ಬಿಸ್ಕೀಟು ಇಟ್ಟು ಹಂಚತೊಡಗಿದಾಗ ಅತ್ತೆ ಕೇಳಿದಳು, “ಇದನ್ನ ಯಾರ ಮಾಡಿದ್ರು?”

“ದೊಡ್ಡಕ್ಕ!” ಎಂದೆ ನಾನು, ಹೆಮ್ಮೆಯಿಂದ.

“ಶುಭದ ದಿನ ಆಕಿ ಕೈಯಾಂದ ಬಸುರಿಗೆ ತಿನಸ್ತೀರೇನು? ಯಾರೂ ಮುಟ್ಟಬ್ಯಾಡ್ರಿ,” ಎಂದಳು ಅತ್ತೆ.

ಬಂದ ಹೆಂಗಸರು ಬಟ್ಟಲು ಕೆಳಗಿಟ್ಟರು. ಐಸ್‌ಕ್ರೀಮು ಅಂಚಿನಿಂದ ಕರಗತೊಡಗಿತು. ನನ್ನ ರಟ್ಟೆ ಇನ್ನೂ ನೋಯುತ್ತಿತ್ತು. ಅತ್ತೆಯ ಎದುರು ಮಾತಾಡಲು ಏಳಹೊರಟೆ. ಆದರೆ ನನಗಿಂತ ಮೊದಲು ಎದ್ದವಳು ಸಣ್ಣಕ್ಕ. ತುಂಬಿದ ಹೊಟ್ಟೆ ಹಿಡಿದುಕೊಂಡು ಮಣೆ ಬಿಟ್ಟು ಎದ್ದು ನಿಂತಳು.

“ಅತ್ತಿ, ನನ್ನ ಮೈಮ್ಯಾಲಿನ ಕುಬಸ ನೇಯ್ದಾಕಿ ಯಾರು? ಆ ಕೈ ನೇಯ್ದದ್ದು ನಡೀತೈತಿ, ಆ ಕೈ ಮಾಡಿದ್ದು ತಿನ್ನಾಕ ನಡಿಯೂದಿಲ್ಲೇನು? ಹಂಗಾದ್ರ ಈ ಕುಬಸಾನೂ ತಗದ ಇಡ್ತೇನಿ.”

“ಏ ತಮ್ಮಾ, ಮಗಳಿಗೆ ಬುದ್ಧಿ ಹೇಳು,” ಎಂದು ಅತ್ತೆ ಅಪ್ಪನತ್ತ ತಿರುಗಿದಳು.

ಅಪ್ಪ ತನ್ನ ಅಕ್ಕನಿಗೆ ಎಂದೂ ಎದುರಾಡಿದವನಲ್ಲ. ಅಂದು ಮಾತ್ರ ಬಗ್ಗಿ ಒಂದು ಬಟ್ಟಲು ತೆಗೆದುಕೊಂಡು, ಎಲ್ಲರ ಎದುರಿಗೆ ನಿಂತೇ ತಿಂದ. “ಬುದ್ಧಿ ಆಕೀನ ಹೇಳಿದ್ಲಲ್ಲ, ಅಕ್ಕಾ. ಇನ್ನ ನಾ ಏನ ಹೇಳ್ಲಿ?” ಎಂದ.

ಸಣ್ಣಕ್ಕ ಮಗ್ಗದ ಕೋಣೆಗೆ ಹೋಗಿ ದೊಡ್ಡಕ್ಕನ ಕೈಹಿಡಿದು ಎಳೆದಳು. “ಬ್ಯಾಡವಾ, ಕೂಸಿಗೆ ಏನರ ಆದ್ರ ನನಗ ಕೆಟ್ಟ ಹೆಸರ ಬರತೈತಿ,” ಎಂದು ದೊಡ್ಡಕ್ಕ ಕೈ ಬಿಡಿಸಿಕೊಳ್ಳಲು ನೋಡಿದಳು. “ನೀ ಉಡಿ ತುಂಬದಿದ್ರ ಇವತ್ತ ನಾ ಮಣಿ ಮ್ಯಾಲ ಕೂಡೂದಿಲ್ಲ,” ಎಂದಳು ಸಣ್ಣಕ್ಕ. ನಾನೂ ಓಡಿಹೋಗಿ ದೊಡ್ಡಕ್ಕನ ಇನ್ನೊಂದು ಕೈ ಹಿಡಿದೆ. ಹೀಗೆ ಅವಳು ಪಡಸಾಲೆಗೆ ಬಂದಳು. ಅಕ್ಕಿ, ಕೊಬ್ಬರಿ ಹಾಕಿ ತಂಗಿಯ ಉಡಿ ತುಂಬಿದಳು. ಆಮೇಲೆ ಅರ್ಧ ಕರಗಿದ ಐಸ್‌ಕ್ರೀಮನ್ನು ಬಿಸ್ಕೀಟಿನಿಂದ ಎತ್ತಿ ಅವಳ ಬಾಯಿಗಿಟ್ಟಳು.

ಅತ್ತೆ ಊಟ ಮಾಡದೆಯೇ ಮುಂದಿನ ಬಸ್ಸು ಹತ್ತಿದಳು. ಇನ್ನೂ ಕೆಲವು ಹೆಂಗಸರು ಎದ್ದು ಹೋದರು. ಉಳಿದವರು ತಿಂದರು. ಓಣಿಯ ಹುಡುಗರಂತೂ ಉಪ್ಪುನೀರಿನ ಬಕೀಟನ್ನೂ ಬಿಡದೆ ನೆಕ್ಕಿ ಮುಖ ಕಿವುಚಿದರು. ಬಿಸ್ಕೀಟು ಬಾಯಲ್ಲಿ ಉಸುಕಿನಂತೆಯೇ ಉದುರಿ, ತಣ್ಣನೆಯ ಹಾಲಿನ ಜೊತೆ ಕರಗಿತು.

ಹೆರಿಗೆಯವರೆಗೆ ದೊಡ್ಡಕ್ಕನಿಗೆ ಆ ಹೆದರಿಕೆ ಬಿಡಲಿಲ್ಲ. ಹುಟ್ಟಿದ್ದು ಗಟ್ಟಿ ದನಿಯ ಹೆಣ್ಣುಕೂಸು. ಸುದ್ದಿ ಕೇಳಿಯೂ ಅತ್ತೆ ನಮ್ಮ ಮನೆಗೆ ಬಹಳ ಕಾಲ ಬರಲಿಲ್ಲ. ನಾವೂ ತಪ್ಪಾಯಿತು ಎನ್ನಲು ಹೋಗಲಿಲ್ಲ.

ಈಗ ಬಾಗಲಕೋಟೆಯ ನಿಮ್ಮ ಮನೆಯ ಫ್ರಿಜ್ಜಿನಲ್ಲಿ ಐಸ್‌ಕ್ರೀಮು ಸದಾ ಇರುತ್ತದೆ. ಬೇಕೆನಿಸಿದಾಗ ತೆಗೆದು ತಿನ್ನುತ್ತೀರಿ, ಯಾರ ಕೈಯದೆಂದು ಯಾರೂ ಕೇಳುವುದಿಲ್ಲ. ನನಗದು ಸಂತೋಷ. ಆದರೆ ಮೊನ್ನೆ ಮದುವೆಯಲ್ಲಿ ಆರತಿಗೆ ಕರೆದಾಗ ಒಬ್ಬ ಹೆಂಗಸು ತಾನಾಗಿಯೇ ಕಂಬದ ಹಿಂದೆ ಸರಿದದ್ದನ್ನು ನಾನು ನೋಡಿದೆ. ನೀವು ಅಲ್ಲೇ ಆಡುತ್ತಿದ್ದಿರಿ. ಇನ್ನು ಮುಂದೆ ಹಾಗೆ ಯಾರಾದರೂ ಸರಿದು ನಿಂತರೆ, ಆಟ ಬಿಟ್ಟು ಹೋಗಿ ಕೈಹಿಡಿದು ಮುಂದಕ್ಕೆ ಕರೆತನ್ನಿ. ದೊಡ್ಡವರು ಗದರಿದರೆ ಅಜ್ಜ ಹೇಳಿದ್ದಾನೆ ಎನ್ನಿ. ಅವರು ನನ್ನ ಹತ್ತಿರ ಬರಲಿ, ನಾನು ನೋಡಿಕೊಳ್ಳುತ್ತೇನೆ.