ತಿಪ್ಪಕ್ಕನ ಮನೆಯ ದೀಪದ ಗೂಡು

ಯಾರ ಮನೆಗೆ ಬಂದರೂ ತಿಪ್ಪಕ್ಕ ಹೊಸ್ತಿಲಾಚೆಯೇ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಒಲೆ, ದೀಪ, ಬೀಡಿ, ಏನಾರ ಹತ್ತೈತೇನ್ರವ್ವ?" ಇಲ್ಲವೆಂದ ಮೇಲೆಯೇ ಅವಳ ಚೀಲ ಒಳಗೆ ಬರುತ್ತಿತ್ತು. ಚೀಲದಲ್ಲಿ ಬಿರಡೆ ಹಾಕಿದ ಕಂದು ಬಾಟಲಿ, ಸೀಮೆಸುಣ್ಣದ ಪುಡಿ, ಹತ್ತಿ, ಒಂದು ಒದ್ದೆ ಗೋಣಿತಾಟು.

ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ. ಹೊಸ ರೇಷ್ಮೆ ಸೀರೆಗೆ ಮಗ್ಗದ ಎಣ್ಣೆ ತಾಗಿದರೆ ನೀರು ಮುಟ್ಟಿಸುವಂತಿಲ್ಲ, ತಿಪ್ಪಕ್ಕನನ್ನೇ ಕರೆಯಬೇಕು. ಬಾಟಲಿಯಲ್ಲಿದ್ದದ್ದು ಬೆಂಜೀನ್. ನೀರಿನ ಹಾಗೆ ತಿಳಿ, ಸಿಹಿ ಎನ್ನಿಸುವ ವಾಸನೆ, ತೆರೆದಿಟ್ಟರೆ ತಾನಾಗಿ ಆರಿಹೋಗುವ ಗುಣ. ಚಳ್ಳಕೆರೆಯ ಅಂಗಡಿಯೊಂದರಿಂದ ತರುತ್ತಿದ್ದಳು. ಅಪಾಯವೆಂದು ಅಂಗಡಿಯವರು ಮಾರುವುದನ್ನು ಬಿಟ್ಟ ಮೇಲೆ ಬಂಕಿನ ಪೆಟ್ರೋಲ್ ಹಿಡಿದಳು. ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾ ಬರುವಳು, ಇಲ್ಲದಿದ್ದರೆ ಉಂಗುರದಂತೆ ಗುರುತು ಉಳಿಯುತ್ತದೆ. ಒತ್ತುವಾಗ ಕಲೆಯೊಡನೆ ತೆಲುಗಿನಲ್ಲಿ ಮಾತು: "ಪೋ ತಲ್ಲಿ, ಪೋ." ಹೋಗು ತಾಯಿ, ಎಂದು.

ಎಣ್ಣೆಗೂ ತಾಯಿ ಎನ್ನುವವಳು ತನ್ನ ಮನೆಯ ದೇವರ ಗೂಡಿನಲ್ಲಿ ದೀಪ ಮಾತ್ರ ಹಚ್ಚುತ್ತಿರಲಿಲ್ಲ. ಬರೀ ಹೂ ಇಡುವಳು. ಬಾಟಲಿ ಇರುವ ಮನೆ ಎಂಬುದು ಅವಳ ಕಾರಣ. ದೇವರನ್ನು ಕತ್ತಲಲ್ಲಿ ಕೂರಿಸಿದವಳು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇಕೆ, ನಾನೂ ಆಡಿಕೊಂಡಿದ್ದೇನೆ.

ನಮ್ಮ ಯಜಮಾನರ ಕಣ್ಣಿನ ಆಪರೇಷನ್ ಸುಸೂತ್ರವಾಗಲೆಂದು ಗೌರಸಮುದ್ರದ ಮಾರಮ್ಮನಿಗೆ ಸೀರೆ ಹರಕೆ ಹೊತ್ತಿದ್ದೆ. ಕಣ್ಣು ಬಂತು, ಸೀರೆಯನ್ನು ಅವರೇ ನೇಯ್ದರು. ನವರಾತ್ರಿಯ ಆರನೆಯ ದಿನ ಮಗ್ಗದಿಂದ ಇಳಿಸಿದಾಗ ಸೆರಗಿನ ಮೇಲೆ ಎಣ್ಣೆಯ ಹನಿ. ತಿಪ್ಪಕ್ಕ ಬಂದು ಎಂದಿನಂತೆ ಕೇಳಿದಳು. ದೇವರ ಕೋಣೆಯಲ್ಲಿ ಒಂಬತ್ತು ದಿನ ಆರಬಾರದ ದೀಪ ಉರಿಯುತ್ತಿತ್ತು. ಆರಿಸಿದರೆ ಬಂದ ಕಣ್ಣಿಗೇ ಕೇಡು ಎಂದು ನನ್ನ ಭಯ. ಕೋಣೆಯ ಬಾಗಿಲನ್ನು ಮೊದಲೇ ಎಳೆದು ಬಂದಿದ್ದೆ. "ಏನೂ ಹತ್ತಿಲ್ಲ ಅಕ್ಕ" ಎಂದುಬಿಟ್ಟೆ. ಬತ್ತಿಯ ವಾಸನೆ ಹಿಡಿಯಲು ಅವಳ ಮೂಗು ಎಂದೋ ಸತ್ತಿತ್ತು.

ಹೊರಗೆ ಗಾಳಿ ಧೂಳೆಬ್ಬಿಸುತ್ತಿತ್ತೆಂದು ಬೀದಿಬಾಗಿಲನ್ನೂ ಮುಂದೆ ಮಾಡಿದೆವು. ಪೆಟ್ರೋಲಿನ ವಾಸನೆ ಪಡಸಾಲೆ ತುಂಬಿತು. ಹಿಂದೊಮ್ಮೆ ಅವಳೇ ಹೇಳಿದ್ದಳು: "ಇದರ ಆವಿ ಮ್ಯಾಲೆ ಹೋಗಲ್ಲ ತಾಯಿ. ಹಾವಿದ್ದಂಗೆ ನೆಲ ಹಿಡ್ಕಂಡು ಹೋಗ್ತೈತೆ, ಬೆಂಕಿ ಎಲ್ಲೈತೋ ಹುಡುಕ್ಕಂಡು." ದೇವರ ಕೋಣೆಯ ಬಾಗಿಲ ಕೆಳಗೆ ಎರಡು ಬೆರಳಿನ ಸಂದು. ಅದರಲ್ಲಿ ದೀಪದ ಬೆಳಕು ಅಲ್ಲಾಡುತ್ತಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆದೆ, ಮಾರಮ್ಮನ ಹೆಸರು ಮಾತ್ರ ಬಂತು. ಇನ್ನೊಂದು ಚೂರು, ಮುಗಿದೇ ಹೋಗುತ್ತದೆ ಎಂದುಕೊಂಡೆ.

ತಿಪ್ಪಕ್ಕನ ಕೈ ನಿಂತಿತು. ಬಾಟಲಿಗೆ ಬಿರಡೆ ಒತ್ತಿ ನನ್ನ ಮುಖ ನೋಡಿದಳು.

"ನಿನ್ನ ಕಣ್ಣು ಯಾಕೆ ಆ ಬಾಗ್ಲ ಕೆಳಗೇ ಐತೆ?"

"ದೀಪ ಐತಕ್ಕ."

ಅವಳು ಬೈಯಲಿಲ್ಲ. ಸೀರೆ ಸಮೇತ ನನ್ನನ್ನು ಬೀದಿಗೆ ನೂಕಿ, ಬಾಟಲಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು ತಿರುಗುವಷ್ಟರಲ್ಲಿ ಭುಗ್ಗೆಂದು ನೀಲಿ ಬೆಂಕಿ ಆ ಸಂದಿನಿಂದ ನೆಲದ ಮೇಲೆ ಓಡಿಬಂದು ಹತ್ತಿಗೆ ಹತ್ತಿಕೊಂಡಿತು. ತಿಪ್ಪಕ್ಕ ಗೋಣಿತಾಟು ಹಿಡಿದು ಅದರ ಮೇಲೆ ಬಿದ್ದಳು. ಬೆಂಕಿ ಸತ್ತಿತು. ಅವಳ ಬಲ ಮುಂಗೈ ತುಂಬಾ ಬೊಬ್ಬೆ.

ಯಜಮಾನರು ಮಗ್ಗದ ಮನೆಯಿಂದ ಓಡಿಬಂದಾಗ ಅವಳೇ ಮುಂದಾಗಿ, "ದೀಪ ಕೇಳಾದು ಮರ್ತೆ ಕಣ್ರೀ, ನಂದೇ ತಪ್ಪು" ಎಂದಳು. ಮರೆಯುವವಳಲ್ಲ ಎಂದು ಅವರಿಗೂ ಗೊತ್ತಿತ್ತು. ಕೋಣೆಯಲ್ಲಿ ದೀಪ ಆರಿರಲಿಲ್ಲ. ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ದಿನಾ ಮಲಗುವ ಮುಂಚೆ ನೆನೆಯುವವಳು ನಾನು. ಅಂದು ಆ ದೀಪವನ್ನು ಅವುಗಳಲ್ಲಿ ಸೇರಿಸಲು ಮನಸ್ಸು ಬರಲಿಲ್ಲ. ಬಿರಡೆ ಒತ್ತಿದ ಕೈಯನ್ನು ನೆನೆದೆ.

ಕೆಲವು ವರ್ಷ ಕಳೆದು ತಿಪ್ಪಕ್ಕ ಬಿಳಿಚಿಕೊಂಡಳು. ಪೆಟ್ಟಾಗದೆಯೇ ತೋಳುಗಳಲ್ಲಿ ನೀಲಿ ಮಚ್ಚೆ, ಹಲ್ಲುಜ್ಜಿದರೆ ರಕ್ತ. ನಾನೇ ಬಸ್ಸು ಹತ್ತಿಸಿ ಚಳ್ಳಕೆರೆಗೆ ಕರೆದೊಯ್ದೆ. ಬಿ.ಜಿ. ಕೆರೆ ದಾಟುವಷ್ಟರಲ್ಲೇ ಸುಸ್ತಾಗಿ ನನ್ನ ಹೆಗಲಿಗೊರಗಿದಳು. ಡಾಕ್ಟರು ರಕ್ತದ ರಿಪೋರ್ಟ್ ನೋಡಿ ಕಸುಬು ಯಾವುದೆಂದು ಕೇಳಿದರು. ಬಾಟಲಿಯ ವಿಷಯ ಹೇಳಿದೆವು. ಬಣ್ಣ, ಪ್ಲಾಸ್ಟಿಕ್, ಔಷಧಿ ಮಾಡುವ ಕಾರ್ಖಾನೆಗಳಿಗೆ ಬೆಂಜೀನ್ ಬೇಕೇ ಬೇಕಂತೆ, ಅಲ್ಲಿ ಮುಚ್ಚಿದ ಪೈಪುಗಳಲ್ಲಿ ಹರಿಸುತ್ತಾರಂತೆ. ಇವಳು ಮೂವತ್ತು ವರ್ಷ ಬರಿಗೈಯಲ್ಲಿ ಮುಟ್ಟಿ, ಮೂಗಿನಲ್ಲಿ ಎಳೆದುಕೊಂಡಿದ್ದಳು. ಪೆಟ್ರೋಲಿನಲ್ಲೂ ಅದು ಅಷ್ಟಿಷ್ಟು ಇರುತ್ತದಂತೆ. ಮೂಳೆಯೊಳಗೆ ರಕ್ತ ಹುಟ್ಟುವ ಜಾಗವನ್ನೇ ಕೆಡಿಸುತ್ತದೆ, ಇವಳಿಗೆ ಅದರಿಂದಲೇ ಬಂದಿರಬಹುದು ಎಂದರು.

ಹೊರಗೆ ಬಂದು ತಿಪ್ಪಕ್ಕ ನಕ್ಕಳು. "ಬೆಂಕಿ ಒಂದನ್ನೇ ಕಾಯ್ತಾ ಕುಂತೆ ನೋಡು. ಉಸ್ರು ಕಾಯಾದು ಯಾರೂ ಹೇಳ್ಲಿಲ್ಲ."

ಕೊನೆಯ ಸಲ ನೋಡಲು ಹೋದದ್ದು ಒಂದು ಶುಕ್ರವಾರ ಸಂಜೆ. ಮಂಚದ ಮೇಲಿಂದಲೇ ಗೂಡಿನ ಕಡೆ ಕೈ ತೋರಿಸಿದಳು.

"ದೀಪ ಹಚ್ಚು ತಾಯಿ. ಎಣ್ಣೆ, ಬತ್ತಿ ಹಾಕ್ಸಿಟ್ಟೀನಿ."

ಕಡ್ಡಿಪೆಟ್ಟಿಗೆ ಹಿಡಿದ ನನ್ನ ಕೈ ತಡೆದು ನಿಂತಿತು. ಮೂಲೆಗಳನ್ನು, ಮಂಚದಡಿಯನ್ನು ನೋಡಿದೆ. ಬಾಟಲಿ ಎಲ್ಲೆಂದು ಕೇಳಿದೆ.

"ಎಲ್ಲಾ ಹೊರಗೆ ಹಾಕ್ಸೀನಿ. ನಿನ್ನಂಗೆ ಸುಳ್ಳು ಹೇಳಲ್ಲ ಕಣೆ, ಹಚ್ಚು."

ಅಷ್ಟು ವರ್ಷಗಳಲ್ಲಿ ಅವಳು ಆ ಮಾತೆತ್ತಿದ್ದು ಅದೊಂದೇ ಸಲ. ಹಚ್ಚಿದೆ. ಅವಳು ರೆಪ್ಪೆ ಬಡಿಯದೆ ನೋಡುತ್ತಾ ಮಲಗಿದಳು.

ಮಾರನೆಯ ವಾರ ಆ ಮನೆ ಗುಡಿಸಲು ಹೋದವಳೂ ನಾನೇ. ಬಿಳಿ ಸುಣ್ಣದ ಗೂಡಿನಲ್ಲಿ ಒಂದು ಸಂಜೆಯಷ್ಟು ಮಸಿ ಇತ್ತು. ಒರೆಸಲಿಲ್ಲ.