ಬೆಚ್ಚಗಿನ ಕುರ್ಚಿ

ಆನ್‌ಲೈನ್ ಮಾರುಕಟ್ಟೆಯ ಕಚೇರಿಯಲ್ಲಿ ಕೂತು, ಮಾರುವವರ ಮೇಲೆ ಗಿರಾಕಿಗಳು ಸುಮ್ಮಸುಮ್ಮನೆ ಬರೆಯುವ ದೂರುಗಳನ್ನು ಅಳಿಸುವುದೇ ಫೋಟೋರಾಯರ ಕೆಲಸ. ಆ ಅಡ್ಡಹೆಸರು ಬಂದದ್ದು ಅವರ ಮಾತಿನಿಂದಲೇ: "ಫೋಟೋ ಎಲ್ಲಪ್ಪಾ?" ಫೋಟೋ ಇಲ್ಲವೆಂದರೆ ದೂರು ಸುಳ್ಳು, ಮಾರಿದವನು ಬಡಪಾಯಿ. ಮನೆಯಲ್ಲಿ ಮಗಳು ಹೊಟ್ಟೆನೋವು ಎಂದು ಮುಲುಗಿದರೂ ಅದೇ ಪ್ರಶ್ನೆ. ಒಬ್ಬ ಬಡಗಿಯ ಕುರ್ಚಿಗಳ ಬಗ್ಗೆ ಮಾತ್ರ, ಒಬ್ಬರನ್ನೊಬ್ಬರು ಕಂಡರಿಯದ ಗಿರಾಕಿಗಳೆಲ್ಲ ಮಾತಾಡಿಕೊಂಡವರಂತೆ ಒಂದೇ ಸಾಲು ಬರೆಯುತ್ತಿದ್ದರು: "ನಾವು ಕೂರೋಕೆ ಮೊದಲೇ ಕುರ್ಚಿ ಬೆಚ್ಚಗಿರುತ್ತೆ." "ಹೊಟ್ಟೆಕಿಚ್ಚಿನವರು! ಪಾಪ, ದುಡಿಯೋನ ಹೊಟ್ಟೆ ಮೇಲೆ ಹೊಡೀತಾರೆ" ಎಂದು ಗೊಣಗುತ್ತ ರಾಯರು ಎಲ್ಲವನ್ನೂ ಅಳಿಸಿದರು. ಸಾಲದ್ದಕ್ಕೆ, ಬಡಗಿಯ ಮೇಲಿನ ಕನಿಕರದಿಂದ ತಾವೂ ಒಂದು ಕುರ್ಚಿ ತರಿಸಿದರು. ಅದು ಬಂದಾಗಿನಿಂದ ಅವರ ಊಟವೆಲ್ಲ ನಿಂತುಕೊಂಡೇ. ಕೇಳಿದವರಿಗೆ "ಸೊಂಟಕ್ಕೆ ಒಳ್ಳೇದು" ಎನ್ನುತ್ತಾರೆ. ಮೊನ್ನೆ ಹೆಂಡತಿ, "ನಾವೂ ಒಂದು ಸಾಲು ಬರೆಯೋಣ ಕಣ್ರೀ" ಎಂದಳು. ರಾಯರು ತಟ್ಟೆ ಹಿಡಿದುಕೊಂಡೇ, ಯಾರೂ ಕೂರದ ಕುರ್ಚಿಯ ಕಡೆ ನೋಡಿದರು. "ಬಿಸಿ ಫೋಟೋದಲ್ಲಿ ಬೀಳಲ್ಲ ಕಣೇ. ಬರೆದ್ರೆ ನಾಳೆ ನಾನೇ ಅಳಿಸ್ಬೇಕು" ಎಂದರು, ಕುರ್ಚಿಗೆ ಕೇಳಿಸದಷ್ಟು ಮೆಲ್ಲಗೆ.